ಸುಣ್ಣದ ನೀರು ಕುಡಿದ ಟೊಮೆಟೊಗೇ ಸುಣ್ಣದ ಬರ

ಮಾನ್ಯ ಸಂಪಾದಕರೇ,

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಆಚೆ ಚಿಂತಾಮಣಿ ಕಡೆಯೂ ಬೇಸಿಗೆ ಟೊಮೆಟೊ ಕಾಯಿ ಕಟ್ಟುವ ಹೊತ್ತಿಗೆ ಗೊಬ್ಬರದಂಗಡಿಗಳಲ್ಲಿ ಒಂದು ಬಿಳಿ ಉಪ್ಪು ಬಿರುಸಾಗಿ ಖರ್ಚಾಗುತ್ತದೆ. ಅದೇ ಕ್ಯಾಲ್ಸಿಯಂ ಕ್ಲೋರೈಡ್. ಕಾಯಿಯ ತುದಿ ಕಪ್ಪಾದರೆ ಸಾಕು, 'ಕ್ಯಾಲ್ಸಿಯಂ ಹೊಡೀರಿ, ಡ್ರಮ್ಮಿಗೊಂದು ಪಾಕೆಟ್' ಎಂಬ ಸಲಹೆ ಸಿದ್ಧವಾಗಿರುತ್ತದೆ. ಡ್ರಮ್ಮು 200 ಲೀಟರಿನದೋ 100 ಲೀಟರಿನದೋ, ಪಾಕೆಟ್ಟಿನಲ್ಲಿರುವುದು ಚಪ್ಪಟೆ ಬಿಲ್ಲೆಯೋ ಸಣ್ಣ ಗುಂಡೋ, ಜೊತೆಗೆ ಬೇರೆ ಏನು ಸುರಿಯುತ್ತಿದ್ದಾರೆ, ಇದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಎಲೆಯಂಚು ಸುಟ್ಟಮೇಲೆ ಉಪ್ಪಿಗೆ ಬೈಗುಳ, ಕೊಳೆ ನಿಲ್ಲದಿದ್ದರೆ ಅಂಗಡಿಯವನಿಗೆ ಬೈಗುಳ. ಮಣ್ಣು, ನೀರು, ಗೊಬ್ಬರದ ಪರೀಕ್ಷೆಯೇ ಕಸುಬಾದ ನಮಗೆ ಈ ಉಪ್ಪಿನ ಬಗ್ಗೆ ಬಿಡಿಸಿ ಬರೆಯಬೇಕೆನಿಸಿತು. ಪತ್ರ ಉದ್ದವಾದರೆ ಕ್ಷಮಿಸಿ. ಗ್ರಾಂ, ಲೀಟರಿನ ಲೆಕ್ಕವನ್ನು ಅರ್ಧಕ್ಕೆ ಕತ್ತರಿಸಿದರೆ ಓದಿದವರಿಗೆ ಉಪಯೋಗವಿಲ್ಲ.

ಮೊದಲು ಇದು ತುದಿಕೊಳೆ, ಅಂದರೆ ಕ್ಯಾಲ್ಸಿಯಂ ಸಾಲದೆ ಕಾಯಿಯ ತುದಿ ಕಪ್ಪಾಗುವ ತೊಂದರೆ, ಹೌದೋ ಅಲ್ಲವೋ ನೋಡಿಕೊಳ್ಳಬೇಕು. ಕಾಯಿ ಗೋಲಿಯಿಂದ ನಿಂಬೆ ಗಾತ್ರಕ್ಕೆ ಬರುವಷ್ಟರಲ್ಲಿ, ತೊಟ್ಟಿನ ಎದುರು ಬದಿಯಲ್ಲಿ, ಅಂದರೆ ಹೂವು ಉದುರಿದ ಜಾಗದಲ್ಲಿ, ನೀರು ಇಂಗಿದಂಥ ಸಣ್ಣ ಕಲೆ ಏಳುತ್ತದೆ. ನಾಲ್ಕೈದು ದಿನದಲ್ಲಿ ಅದು ಕಂದಾಗಿ, ಕಪ್ಪಾಗಿ, ಚಪ್ಪಲಿಯ ಚರ್ಮದ ಹಾಗೆ ಗಟ್ಟಿಯಾಗಿ ಒಳಗೆ ಕುಸಿಯುತ್ತದೆ. ಬೆರಳಿಂದ ಒತ್ತಿದರೆ ರಸ ಬರುವುದಿಲ್ಲ, ವಾಸನೆಯೂ ಇರುವುದಿಲ್ಲ. ಅದರ ಮೇಲೆ ಬೂಸ್ಟು ಕೂತಿದ್ದರೆ ಅದು ಆಮೇಲೆ ಬಂದು ಸೇರಿಕೊಂಡದ್ದು. ಸಾಮಾನ್ಯವಾಗಿ ಮೊದಲ ಒಂದೆರಡು ಗೊಂಚಲಿಗೇ ಹೆಚ್ಚು, ಉದ್ದ ಕಾಯಿಯ ತಳಿಗಳಿಗೆ ಇನ್ನೂ ಹೆಚ್ಚು. ಗಿಡದಿಂದ ಗಿಡಕ್ಕೆ ಹರಡುವ ರೋಗ ಇದಲ್ಲ, ಆದ್ದರಿಂದ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ. ನೆಲಕ್ಕೆ ತಾಗಿದ ಕಾಯಿಯ ಮೇಲೆ ಕಂದು ಬಣ್ಣದ ಉಂಗುರ ಉಂಗುರ ಕಂಡರೆ ಅದು ಬೇರೆ, ನಿಜವಾದ ಕೊಳೆರೋಗ. ಅದಕ್ಕೆ ಕ್ಯಾಲ್ಸಿಯಂ ಔಷಧಿಯಲ್ಲ.

ಈಗ ವಿಚಿತ್ರ ನೋಡಿ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣಕ್ಕೇನೂ, ಅಂದರೆ ಕ್ಯಾಲ್ಸಿಯಮ್ಮಿಗೇನೂ, ಬರವಿಲ್ಲ. ಡ್ರಿಪ್ಪರ್ ಬಾಯಲ್ಲಿ ಬಿಳಿ ಹರಳು ಕಟ್ಟುವುದು, ಕೊಡದ ಒಳಗೆ ಪದರ ಕೂರುವುದು, ಸ್ನಾನದ ಹಂಡೆ ಒಳಗಿಂದ ಬೆಳ್ಳಗಾಗುವುದು ಎಲ್ಲ ಅದರಿಂದಲೇ. ಅಂಥ ನೀರು ದಿನಾ ಕುಡಿಯುವ ಗಿಡದ ಕಾಯಿಗೇ ಕ್ಯಾಲ್ಸಿಯಂ ಕೊರತೆ ಏಕೆ? ಸುಣ್ಣ ಮಣ್ಣಿನಲ್ಲಿ ಇಲ್ಲವೆಂದಲ್ಲ, ಕಾಯಿಗೆ ಮುಟ್ಟುತ್ತಿಲ್ಲ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ, ನೀರು ಏರುವ ಕೊಳವೆಯಲ್ಲೇ ಏರಬೇಕು. ಎಲೆ ದಿನವಿಡೀ ನೀರು ಆವಿ ಮಾಡುತ್ತಿರುತ್ತದೆ, ಹಾಗಾಗಿ ನೀರೂ ಅದರೊಂದಿಗೆ ಕ್ಯಾಲ್ಸಿಯಮ್ಮೂ ಅತ್ತಲೇ ಓಡುತ್ತವೆ. ಕಾಯಿಯ ಸಿಪ್ಪೆ ನುಣುಪು, ಮೇಣ ಸವರಿದ ಹಾಗೆ. ಅದು ಆವಿ ಬಿಡುವುದೇ ಕಡಿಮೆ, ಆದ್ದರಿಂದ ಎಳೆದುಕೊಳ್ಳುವುದೂ ಕಡಿಮೆ. ಎಲೆಗೆ ಒಮ್ಮೆ ಹೋಗಿ ಕೂತ ಕ್ಯಾಲ್ಸಿಯಂ ಅಲ್ಲಿಂದ ಇಳಿದು ಕಾಯಿಗೆ ಬರುವುದಿಲ್ಲ. ಸಾರಜನಕದಂತೆ, ಪೊಟ್ಯಾಶಿನಂತೆ ಅದು ಗಿಡದೊಳಗೆ ಅತ್ತಿಂದಿತ್ತ ಓಡಾಡುವ ಪದಾರ್ಥವಲ್ಲ. ಕಾಯಿ ಭರ್ರನೆ ಹಿಗ್ಗುವ ಮೊದಲ ಎರಡು ವಾರ ಈ ಎಳೆದಾಟ ಹೆಚ್ಚು. ಆಗ ಎರಡು ದಿನ ನೆಲ ಒಣಗಿ ಮೂರನೆಯ ದಿನ ಕೆರೆಯಂತೆ ನೀರು ನಿಂತರೆ, ತುದಿಯ ಜೀವಕೋಶಗಳ ಗೋಡೆ ಕುಸಿಯುತ್ತದೆ.

ಆದ್ದರಿಂದ ಉಪ್ಪಿನ ಪಾಕೆಟ್ಟಿಗೆ ಕೈ ಹಾಕುವ ಮುಂಚೆ ನೀರಿನ ಪಾಳಿ ಸರಿಮಾಡಿಕೊಳ್ಳಬೇಕು. ಮೂರು ಫೇಸ್ ಕರೆಂಟ್ ಯಾವಾಗ ಬರುತ್ತದೋ ಆಗ ಒಂದೇ ಸಲ ಮೂರು ಗಂಟೆ ಬಿಟ್ಟು ಎರಡು ದಿನ ಸುಮ್ಮನಿರುವ ರೂಢಿಯೇ ತುದಿಕೊಳೆಯ ತಾಯಿಬೇರು. ಅಷ್ಟೇ ನೀರನ್ನು ದಿನಕ್ಕೆ ಎರಡು ಪಾಲು ಮಾಡಿ, ಬೆಳಿಗ್ಗೆ ಒಂದು, ಸಂಜೆ ಒಂದು ಕೊಟ್ಟರೆ ಅರ್ಧ ಕೊಳೆ ತಾನಾಗಿ ನಿಲ್ಲುತ್ತದೆ. ಸಂಜೆಯದಕ್ಕೆ ಒಂದು ವಿಶೇಷವಿದೆ. ರಾತ್ರಿ ಎಲೆ ಆವಿ ಬಿಡುವುದಿಲ್ಲ, ಬೇರಿನ ಒತ್ತಡವೇ ನೀರನ್ನು ಮೇಲಕ್ಕೆ ನೂಕುತ್ತದೆ, ಆಗ ಕಾಯಿಗೂ ಅದರ ಪಾಲು ಸಿಗುತ್ತದೆ. ನೆಲ ಒಣಗಿದ್ದರೆ ಆ ಒತ್ತಡವೇ ಹುಟ್ಟುವುದಿಲ್ಲ. ಕೃಷಿ ಹೊಂಡವೋ ಸಿಮೆಂಟ್ ತೊಟ್ಟಿಯೋ ಇದ್ದವರು ಕರೆಂಟ್ ಇದ್ದಾಗ ತುಂಬಿಸಿಟ್ಟು ಸಂಜೆ ಬಿಡಬಹುದು. ಡ್ರಿಪ್ಪರ್ ಪಕ್ಕ ಆರು ಇಂಚು ಕೆದಕಿ ಒಂದು ಹಿಡಿ ಮಣ್ಣು ಮುಷ್ಟಿ ಮಾಡಿ ನೋಡಿ. ಉಂಡೆ ಕಟ್ಟಬೇಕು, ಬೆರಳಿಗೆ ನೀರು ಅಂಟಬಾರದು. ಮಲ್ಚಿಂಗ್ ಶೀಟ್ (ನೆಲ ಮುಚ್ಚುವ ಪ್ಲಾಸ್ಟಿಕ್ ಹಾಳೆ) ಹಾಕಿದ ಹೊಲದಲ್ಲಿ ಈ ಹದ ಹೆಚ್ಚು ಹೊತ್ತು ನಿಲ್ಲುತ್ತದೆ.

ಯೂರಿಯಾ, ಅಮೋನಿಯಂ ಸಲ್ಫೇಟ್ ಜಾಸ್ತಿ ಕೊಟ್ಟ ಹೊಲದಲ್ಲೂ ತುದಿಕೊಳೆ ಜಾಸ್ತಿ. ಅಮೋನಿಯಾ ರೂಪದ ಸಾರಜನಕ ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಮ್ಮಿಗೆ ಅಡ್ಡ ನಿಲ್ಲುತ್ತದೆ, ಮೇಲಾಗಿ ಸೊಪ್ಪು ಹುಲುಸಾಗಿ ಬೆಳೆದಷ್ಟೂ ನೀರನ್ನು ಎಲೆಯೇ ಎಳೆದುಕೊಳ್ಳುತ್ತದೆ. ಕಾಯಿ ದಪ್ಪ ಬರಲಿ, ಬಣ್ಣ ಬರಲಿ ಎಂದು ಪೊಟ್ಯಾಶನ್ನು ಸುರಿದರೂ ಇದೇ ಫಲ.

ಈಗ ಉಪ್ಪಿನ ವಿಷಯ. ಬಟ್ಟೆ ಸೋಡಾ ತಯಾರಿಸುವಾಗ ಸುಣ್ಣದ ಕಲ್ಲಿನ ಕ್ಯಾಲ್ಸಿಯಮ್ಮೂ ಅಡುಗೆ ಉಪ್ಪಿನ ಕ್ಲೋರೈಡೂ ಉಳಿದು ಒಂದಾದರೆ ಸಿಗುವುದು ಇದು. ಸುಣ್ಣದ ಕಲ್ಲಿಗೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿಯೂ ಮಾಡುತ್ತಾರೆ. ಹೇಗೇ ಮಾಡಿರಲಿ, ನೀರನ್ನು ಕಂಡರೆ ಇದು ಬಿಡುವುದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 30 ದಾಟಿದರೆ ಸಾಕು, ಗಾಳಿಯಿಂದಲೇ ನೀರು ಹೀರಿ ಪಾಕವಾಗಲು ಶುರು. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಬಿಟ್ಟರೆ ಗಾಳಿ ಅಷ್ಟು ಒಣಗಿರುವ ಹೊತ್ತೇ ಅಪರೂಪ. ಬೀರುವಿನಲ್ಲಿ ತೇವ ಹೀರಲೆಂದು ನೇತುಹಾಕುವ ಚೀಲದ ಕೆಳಗೆ ನೀರು ತುಂಬುತ್ತದಲ್ಲ, ಅದರೊಳಗಿನದೂ ಹೆಚ್ಚಾಗಿ ಇದೇ ಉಪ್ಪು. ಈ ಗುಣವೇ ಸಿಂಪಡಣೆಯಲ್ಲಿ ಇದರ ಬಲ. ಹೊಡೆದ ದ್ರಾವಣ ಕಾಯಿಯ ಮೇಲೆ ಬೇಗ ಒಣಗದೆ ತೇವವಾಗಿಯೇ ಉಳಿದು ಒಳಗಿಳಿಯುತ್ತದೆ. ಎಲೆಯಂಚಿನಲ್ಲಿ ಹನಿಯಾಗಿ ಕೂತರೆ ಅದೇ ಗುಣದಿಂದ ಎಲೆಯ ನೀರನ್ನೂ ಹೀರಿ ಸುಡುತ್ತದೆ.

ಅಂಗಡಿಯಲ್ಲಿ ಇದು ಎರಡು ಮೂರು ವೇಷದಲ್ಲಿ ಬರುತ್ತದೆ, ಎಡವಟ್ಟೆಲ್ಲ ಆಗುವುದು ಇಲ್ಲೇ. ಚಪ್ಪಟೆ ಬಿಲ್ಲೆ, ಅಂದರೆ ಫ್ಲೇಕ್ಸ್: ಚೀಲದ ಮೇಲೆ 77–80% ಎಂದಿರುತ್ತದೆ, ಉಳಿದದ್ದು ಹೆಚ್ಚುಪಾಲು ಹರಳಿನೊಳಗೇ ಇರುವ ನೀರು. ಸಾಬೂದಾನಿಯಂಥ ಬಿಳಿ ಗುಂಡು ಅಥವಾ ಪುಡಿ: ಇದು ನೀರು ತೆಗೆದದ್ದು, 94–97%. ಮೂರನೆಯದು, ಕ್ಯಾನಿನಲ್ಲಿ ಬರುವ ದ್ರಾವಣ: ಅದರ ಶಕ್ತಿ ಶೇ 30 ಇರಬಹುದು, ಮೇಲೂ ಇರಬಹುದು. 'ಲೀಟರಿಗೆ 5 ಗ್ರಾಂ' ಎಂಬ ಮಾತು ಬಿಲ್ಲೆಯದೋ ಗುಂಡಿನದೋ ಎಂದು ಹೇಳದೆ ಹೋದರೆ ಸುಮಾರು ಕಾಲು ಪಾಲು ವ್ಯತ್ಯಾಸ ಬಿತ್ತು. ನಮ್ಮ ಲೆಕ್ಕ ಹೀಗೆ: ಬಿಸಿಲು ಕಾಲದಲ್ಲಿ ಬಿಲ್ಲೆಯಾದರೆ ಲೀಟರಿಗೆ 3ರಿಂದ 4 ಗ್ರಾಂ. ತಂಪು ಹವೆ, ಗಟ್ಟಿಮುಟ್ಟಾದ ಗಿಡ ಇದ್ದರೆ 5 ಗ್ರಾಂ. ಅದಕ್ಕಿಂತ ಮೇಲೆ ಬೇಡ. ಲೀಟರಿಗೆ 4 ಗ್ರಾಮಿನಂತೆ 15 ಲೀಟರಿನ ಬೆನ್ನಿನ ಪಂಪಿಗೆ 60 ಗ್ರಾಂ, 200 ಲೀಟರಿನ ಡ್ರಮ್ಮಿಗೆ 800 ಗ್ರಾಂ. ಅದೇ ಶಕ್ತಿ ಗುಂಡಿನಿಂದ ಬರಬೇಕಾದರೆ ಡ್ರಮ್ಮಿಗೆ 650 ಗ್ರಾಂ ಸಾಕು. ಟೀ ಲೋಟದಲ್ಲೋ ಬೊಗಸೆಯಲ್ಲೋ ಅಳೆಯಬೇಡಿ. ಬಿಲ್ಲೆ ಸಡಿಲವಾಗಿ ಕೂರುತ್ತದೆ, ಗುಂಡು ಒತ್ತಾಗಿ ಕೂರುತ್ತದೆ, ಲೋಟ ಒಂದೇ ಆದರೂ ತೂಕ ಬೇರೆ. ಅಡುಗೆಮನೆಯ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಸಾಕು, ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ತೂಗಿ.

ಕರಗಿಸುವುದರಲ್ಲಿ ಅವಸರ ಬೇಡ. ಅಡುಗೆ ಉಪ್ಪಿನ ಹಾಗೆ ಇದು ತಣ್ಣಗೆ ಕರಗುವುದಿಲ್ಲ, ಬಿಸಿ ಕಾರುತ್ತದೆ. ನೀರು ತೆಗೆದ ಗುಂಡು 1 ಕೆಜಿಯನ್ನು 5 ಲೀಟರ್ ನೀರಿಗೆ ಒಟ್ಟಿಗೆ ಹಾಕಿದರೆ ಆ ನೀರು ಸುಮಾರು 35 ಡಿಗ್ರಿ ಏರುತ್ತದೆ. 28 ಡಿಗ್ರಿಯ ನೀರು 60 ದಾಟಿತು ಎಂದರೆ ಕೈ ಹಾಕಲಾಗದು. ಬಿಲ್ಲೆಯಲ್ಲಿ ಇದರ ಅರ್ಧಕ್ಕಿಂತ ಕಡಿಮೆ ಬಿಸಿ. ನೀರು ಕಡಿಮೆಯಾದಷ್ಟೂ ಬಿಸಿ ಹೆಚ್ಚು. ಹಾಗಾಗಿ ಯಾವಾಗಲೂ ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ರಾಶಿಯ ಮೇಲೆ ಚೂರು ನೀರು ಹುಯ್ದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ದಪ್ಪ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರು ತೆಗೆದುಕೊಂಡು, ತೂಗಿದ ಉಪ್ಪನ್ನು ಹಿಡಿ ಹಿಡಿಯಾಗಿ ಸುರಿಯುತ್ತಾ ಮರದ ಕೋಲಿನಿಂದ ತಿರುಗಿಸಿ. ಡ್ರಮ್ಮಿನ ಮುಕ್ಕಾಲು ನೀರು ಮೊದಲೇ ತುಂಬಿರಲಿ. ಬಕೆಟ್ಟಿನದು ಮೈ ಬೆಚ್ಚಗಿನ ಹದಕ್ಕೆ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ಸೇರಿಸಿ, ಉಳಿದ ನೀರಿನಿಂದ ಮೇಲಿನವರೆಗೆ ತುಂಬಿ. ಹುಳಿಯೋ ಕ್ಷಾರವೋ ತೋರಿಸುವ ಒಂದು ಪಿಎಚ್ ಕಾಗದ ಅದ್ದಿ ನೋಡುವುದು ಒಳ್ಳೆಯದು. ಆಸಿಡ್‌ನಿಂದ ಮಾಡಿದ ಮಾಲಿನಲ್ಲಿ ಹುಳಿ ಉಳಿದಿರಬಹುದು, ಕೆಲವು ಮಾಲಿನಲ್ಲಿ ಸುಣ್ಣ ಹೆಚ್ಚಾಗಿ 10ರ ಹತ್ತಿರ ಹೋಗಬಹುದು. 6ರಿಂದ 7.5ರ ಒಳಗಿದ್ದರೆ ನಿಶ್ಚಿಂತೆ.

ಜೊತೆಗೆ ಏನು ಸೇರಿಸಬಾರದು ಎಂಬ ಪಟ್ಟಿ ದೊಡ್ಡದು, ಆದರೆ ಕಾರಣ ಒಂದೇ. ಸಲ್ಫೇಟನ್ನು ಕಂಡರೆ ಕ್ಯಾಲ್ಸಿಯಂ ಜಿಪ್ಸಂ ಆಗುತ್ತದೆ, ಫಾಸ್ಫೇಟನ್ನು ಕಂಡರೆ ಕರಗದ ಗಸಿ ಆಗುತ್ತದೆ. ಒಂದು ಲೀಟರ್ ನೀರು ಕರಗಿಸಿಕೊಳ್ಳುವುದು ಸುಮಾರು ಎರಡೂವರೆ ಗ್ರಾಂ ಜಿಪ್ಸಂ ಮಾತ್ರ. ಮೆಗ್ನೀಷಿಯಂ ಸಲ್ಫೇಟ್, ಪೊಟ್ಯಾಷಿಯಂ ಸಲ್ಫೇಟ್, ಜಿಂಕ್ ಸಲ್ಫೇಟ್, ರಂಜಕ (ಫಾಸ್ಫೇಟ್) ಇರುವ ಹತ್ತೊಂಬತ್ತರ ಗೊಬ್ಬರ (19:19:19), 12:61:0, 0:52:34 ಇವು ಯಾವುದನ್ನೂ ಒಂದೇ ಟ್ಯಾಂಕಿಗೆ ಹಾಕಬೇಡಿ. ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಜೊತೆಗೂ ಬೇಡ. 'ಎಲ್ಲಾ ಸೇರಿಸಿ ಒಂದೇ ಸಲ ಹೊಡೆದುಬಿಡೋಣ, ಕೂಲಿ ಉಳಿಯುತ್ತೆ' ಎನ್ನುವವರ ಡ್ರಮ್ಮಿನ ತಳದಲ್ಲಿ ಮಜ್ಜಿಗೆಯಂಥ ಬಿಳಿ ಗಸಿ ಕೂತಿರುತ್ತದೆ. ನಾಝಲ್ ಕಟ್ಟುವುದು ಸಣ್ಣ ನಷ್ಟ. ಕ್ಯಾಲ್ಸಿಯಮ್ಮೂ ಹೋಯಿತು, ರಂಜಕವೂ ಹೋಯಿತು, ದುಡ್ಡು ಕೊಟ್ಟ ಎರಡೂ ತಳಕ್ಕೆ ಸೇರಿದವು ಎಂಬುದೇ ದೊಡ್ಡ ನಷ್ಟ. ಕೀಟನಾಶಕ ಸೇರಿಸಲೇಬೇಕಾದರೆ ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ಮಾಡಿ ಅರ್ಧ ಗಂಟೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ಮಬ್ಬು, ದಾರ ದಾರ, ಕೆನೆ, ತಳದಲ್ಲಿ ಗಸಿ ಏನೇ ಕಂಡರೂ ಬೇರೆ ಬೇರೆ ದಿನ ಹೊಡೆಯಿರಿ. ಬರೀ ಬೋರ್‌ವೆಲ್ ನೀರಿನಲ್ಲೇ ಮಬ್ಬಾದರೆ ಆ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದೆ ಎಂದರ್ಥ, ಸಿಂಪಡಣೆಗೆ ಮಳೆನೀರೋ ಹೊಂಡದ ನೀರೋ ಮೇಲು.

ಹೊಡೆಯುವುದು ಯಾವಾಗ? ಮೊದಲ ಗೊಂಚಲಿನ ಕಾಯಿ ಗೋಲಿ ಗಾತ್ರಕ್ಕೆ ಬಂದ ದಿನದಿಂದ, 7ರಿಂದ 10 ದಿನಕ್ಕೊಮ್ಮೆ, ಮೂರು ನಾಲ್ಕು ಸಲ. ಕಪ್ಪಾದ ಕಾಯಿಯನ್ನು ಇದು ಸರಿಪಡಿಸುವುದಿಲ್ಲ. ಅದನ್ನು ಕಿತ್ತು ಬಿಸಾಡಿದರೆ ಉಳಿದ ಕಾಯಿಗೆ ನೀರಿನ ಪಾಲು ಹೆಚ್ಚುತ್ತದೆ. ನಾಝಲ್ ಎಲೆಯ ಮೇಲೆ ಆಡಿಸಿಕೊಂಡು ಹೋದರೆ ಪ್ರಯೋಜನವಿಲ್ಲ, ಎಲೆಗೆ ಬಿದ್ದದ್ದು ಕಾಯಿಗೆ ಇಳಿಯುವುದಿಲ್ಲ ಎಂದು ಆಗಲೇ ಹೇಳಿದೆವು. ಕಡ್ಡಿ ಕಟ್ಟಿದ ಸಾಲಿನಲ್ಲಿ ಪಕ್ಕದಿಂದ ಬಗ್ಗಿ, ಗೊಂಚಲಿಗೇ ಮಂಜಿನಂತೆ ತಾಗಿಸಬೇಕು. ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ. ಬಾಡಿ ನಿಂತ ಗಿಡಕ್ಕೆ ಖಂಡಿತ ಬೇಡ, ಮೊದಲು ನೀರು ಕೊಟ್ಟು ಮಾರನೆಯ ದಿನ ಹೊಡೆಯಿರಿ. ಮೊದಲ ಸಲವಾದರೆ ಒಂದು ಸಾಲಿಗಷ್ಟೇ ಹೊಡೆದು ಎರಡು ಮೂರು ದಿನ ಕಾಯಿರಿ. ಎಲೆಯಂಚು ಕಂದಾಗಿ ಮೇಲಕ್ಕೆ ಮಡಚಿದರೆ ಶಕ್ತಿ ಹೆಚ್ಚಾಯಿತು.

ಇದರ ಮೇಲೆ ಎಷ್ಟು ಭರವಸೆ ಇಡಬಹುದು ಎಂಬುದಕ್ಕೆ ಒಂದು ಸಣ್ಣ ಲೆಕ್ಕ. 800 ಗ್ರಾಂ ಬಿಲ್ಲೆಯಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 220 ಗ್ರಾಂ. ಟೊಮೆಟೊದ 100 ಗ್ರಾಂ ಹಣ್ಣಿನಲ್ಲಿ ಸುಮಾರು 10 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅಂದರೆ ಮಾರುಕಟ್ಟೆಗೆ ಹೋಗುವ 15 ಕೆಜಿ ಬಾಕ್ಸಿಗೆ ಒಂದೂವರೆ ಗ್ರಾಂ, 20 ಟನ್ ಹಣ್ಣಿಗೆ 2 ಕೆಜಿ. ಎಕರೆಗೆ ಒಂದು ಡ್ರಮ್ಮಿನಂತೆ ನಾಲ್ಕು ಸಲ ಹೊಡೆದರೂ ಬೀಳುವುದು 900 ಗ್ರಾಂ, ಅದರಲ್ಲಿ ಕಾಯಿಗೆ ತಾಗುವುದು ಸ್ವಲ್ಪ, ಒಳಗಿಳಿಯುವುದು ಇನ್ನೂ ಸ್ವಲ್ಪ. ಬೇರಿನಿಂದ ಬರಬೇಕಾದದ್ದನ್ನು ಪಂಪಿನಿಂದ ತುಂಬಿಕೊಡಲು ಆಗದು. ತುದಿಯಲ್ಲಿ ಬೀಳುವ ಒಂದು ಚೂರು ಕೊರತೆಗೆ ತೇಪೆ ಹಚ್ಚುವುದಷ್ಟೇ ಸಿಂಪಡಣೆಯ ಕೆಲಸ.

ಕೆಲವರು ಈಗ ಇದನ್ನೇ ಡ್ರಿಪ್ಪಿಗೂ ಬಿಡುತ್ತಿದ್ದಾರೆ. ಇದು ಬೇಡವೇ ಬೇಡ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. 5 ಕೆಜಿ ಬಿಲ್ಲೆಯಲ್ಲಿ ಕ್ಲೋರೈಡೇ ಎರಡೂವರೆ ಕೆಜಿ ಇದೆ. ಅದನ್ನು ಎಕರೆಗೆ ಬಿಡುವ 10 ಸಾವಿರ ಲೀಟರ್ ನೀರಿಗೆ ಸೇರಿಸಿದರೆ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಹೆಚ್ಚಾಯಿತು. ನೀರಾವರಿ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 140 ಮಿಲಿಗ್ರಾಂ ದಾಟಿದರೆ ನಾಜೂಕು ಬೆಳೆಗಳು ಮುನಿಸಿಕೊಳ್ಳುತ್ತವೆ, 350 ದಾಟಿದರೆ ಕೆಡುತ್ತವೆ. ಆಳದ ಬೋರ್‌ವೆಲ್ ಮೊದಲೇ ಉಪ್ಪಾಗಿದ್ದರೆ ಲೆಕ್ಕ ಮುಗಿದಂತೆಯೇ. ಚಿಕ್ಕಬಳ್ಳಾಪುರದ ದ್ರಾಕ್ಷಿಯವರಂತೂ ಇದರ ಗೊಡವೆಗೇ ಹೋಗಬಾರದು, ದ್ರಾಕ್ಷಿಗೆ ಕ್ಲೋರೈಡ್ ಆಗಿಬರುವುದಿಲ್ಲ. ಬೇರಿಗೆ ಕ್ಯಾಲ್ಸಿಯಂ ಕೊಡಬೇಕಾದರೆ ಕ್ಯಾಲ್ಸಿಯಂ ನೈಟ್ರೇಟ್ ಇದೆ: ಅದರಲ್ಲಿ ಶೇ 18.8 ಕ್ಯಾಲ್ಸಿಯಂ, ಶೇ 15.5 ಸಾರಜನಕ, ಕ್ಲೋರೈಡಿನ ಹೊರೆ ಇಲ್ಲ. ಅದನ್ನೂ ಫಾಸ್ಫೇಟ್, ಸಲ್ಫೇಟ್ ಗೊಬ್ಬರದ ದಿನ ಬಿಡಬಾರದು. ಅಂದಹಾಗೆ ಕೆಂಪು ಪೊಟ್ಯಾಶ್ ಎನ್ನುವ ಎಂಒಪಿಯೂ ಕ್ಲೋರೈಡ್ ಉಪ್ಪೇ, ಅದರ ತೂಕದ ಶೇ 47ರಷ್ಟು ಕ್ಲೋರೈಡ್. ಉಪ್ಪು ನೀರಿನ ಹೊಲದಲ್ಲಿ ಅದರ ಬದಲು ಪೊಟ್ಯಾಷಿಯಂ ಸಲ್ಫೇಟ್ ಒಳ್ಳೆಯದು, ದುಬಾರಿಯಾದರೂ.

ಹೆಸರಿನ ಗೊಂದಲ ಇನ್ನೊಂದು. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಮನೆ ಇರುವಲ್ಲೆಲ್ಲ ಬ್ಲೀಚಿಂಗ್ ಪೌಡರ್ ಇರುತ್ತದೆ. ಅದೂ ಕ್ಯಾಲ್ಸಿಯಂ, ಕ್ಲೋರಿನ್ ಎರಡೂ ಇರುವ ಬಿಳಿ ಪದಾರ್ಥವೇ. ಆದರೆ ಅದು ಹುಳು ಮನೆಯ ರೋಗಾಣು ಕೊಲ್ಲುವ ಪುಡಿ, ಗಿಡಕ್ಕೆ ಬಿದ್ದರೆ ಸುಡುತ್ತದೆ. ಮೂಗಿಗೆ ಹೊಡೆಯುವ ಘಾಟು ಇದ್ದರೆ ಅದು ಬ್ಲೀಚಿಂಗ್. ಕ್ಯಾಲ್ಸಿಯಂ ಕ್ಲೋರೈಡಿಗೆ ವಾಸನೆಯೇ ಇಲ್ಲ. ಬ್ಲೀಚಿಂಗ್ ಪೌಡರಿಗೆ ಡ್ರಿಪ್ ತೊಳೆಯುವ ಆಸಿಡ್ ತಾಗಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ, ಎರಡನ್ನೂ ಒಂದೇ ಗೂಡಿನಲ್ಲಿ ಇಡಬೇಡಿ. ಶ್ರೀನಿವಾಸಪುರದ ಮಾವಿನ ಕಡೆ ಇನ್ನೊಂದು 'ಕ್ಯಾಲ್ಸಿಯಂ' ಇದೆ, ಕಾರ್ಬೈಡ್. ಅದರಿಂದ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತೆಯ 2011ರ ನಿಯಮ ನಿಷೇಧಿಸಿದೆ, ಅದಕ್ಕೆ ನೀರು ತಾಗಿದರೆ ಹೊತ್ತಿಕೊಳ್ಳುವ ಅಸಿಟಿಲಿನ್ ಗಾಳಿ ಬರುತ್ತದೆ. ಕ್ಲೋರೈಡ್ ಹೊತ್ತಿಕೊಳ್ಳುವುದೂ ಇಲ್ಲ, ಹಣ್ಣು ಮಾಗಿಸುವುದೂ ಇಲ್ಲ. 'ಕ್ಯಾಲ್ಸಿಯಂ ಕೊಡಿ' ಎಂದಷ್ಟೇ ಕೇಳದೆ ಪೂರ್ತಿ ಹೆಸರು ಹೇಳಿ ಕೇಳುವುದು ಕ್ಷೇಮ.

ಇದು ವಿಷವಲ್ಲ, ಆದರೆ ಸಾಧುವೂ ಅಲ್ಲ. ಬೆವರಿದ ಕೈಗೆ ಒಣ ಉಪ್ಪು ಅಂಟಿದರೆ ಬೆವರಿನಲ್ಲೇ ಕರಗಿ ಬಿಸಿಯಾಗಿ ಚರ್ಮ ಉರಿಯುತ್ತದೆ, ಗಾಯವಿದ್ದರೆ ಕೇಳುವುದೇ ಬೇಡ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಪುಡಿ ಏಳುವಾಗ ಮೂಗಿಗೆ ಬಟ್ಟೆ ಇಷ್ಟು ಇರಲಿ. ಚರ್ಮದ ಚಪ್ಪಲಿ ಬೇಡ, ಇದು ಚರ್ಮವನ್ನು ಒಣಗಿಸಿ ಬಿರಿಸುತ್ತದೆ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಹತ್ತಿರ ಹೋಗಬೇಕು. ನುಂಗಿದರೆ ವಾಂತಿ ಮಾಡಿಸಬಾರದು, ಬಾಯಿ ಮುಕ್ಕಳಿಸಿ ಗುಟುಕು ಗುಟುಕಾಗಿ ನೀರು ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಬೀರುವಿನ ತೇವದ ಚೀಲ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಕೆಳಗೆ ತುಂಬಿರುವುದು ಬರೀ ನೀರಲ್ಲ, ಗಟ್ಟಿ ಉಪ್ಪಿನ ದ್ರಾವಣ. ಹೊಲದಲ್ಲಿ ಗಟ್ಟಿ ದ್ರಾವಣದ ಬಕೆಟ್ ಬಿಟ್ಟು ಹೋದರೆ ಹಸುವೋ ಮೇಕೆಯೋ ಉಪ್ಪಿನ ಆಸೆಗೆ ಮೂತಿ ಹಾಕುತ್ತದೆ, ಬಾಯಿ ಹೊಟ್ಟೆ ಎರಡೂ ಬೇಯುತ್ತವೆ. ಚೆಲ್ಲಿದ ಉಪ್ಪನ್ನು ಒಣಗಿರುವಾಗಲೇ ಗುಡಿಸಿ ತೆಗೆಯಿರಿ, ಬದುವಿಗೆ ಗುಡ್ಡೆ ಹಾಕಿದರೆ ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ಪಂಪನ್ನು ಮೂರು ಸಲ ಬರೀ ನೀರು ಹಾಯಿಸಿ ತೊಳೆಯಬೇಕು. ಹಿತ್ತಾಳೆ ನಾಝಲ್, ಕಬ್ಬಿಣದ ಸ್ಪ್ರಿಂಗ್, ಅಲ್ಯುಮಿನಿಯಂ ಕೋಲು ಎಲ್ಲವನ್ನೂ ಇದು ತಿನ್ನುತ್ತದೆ, ತೇವ ಆರಗೊಡದೆ ತಿನ್ನುತ್ತಲೇ ಇರುತ್ತದೆ.

ಕಬ್ಬಿಣ ತಿನ್ನುವ ಮಾತು ಬಂದದ್ದರಿಂದ ಮನೆ ಕಟ್ಟುವವರಿಗೂ ಒಂದು ಮಾತು. ಕಾಂಕ್ರೀಟ್ ಬೇಗ ಗಟ್ಟಿಯಾಗಲಿ ಎಂದು ಇದನ್ನು ಬೆರೆಸುವ ಮೇಸ್ತ್ರಿಗಳಿದ್ದಾರೆ. ಬೇಗ ಗಟ್ಟಿಯಾಗುವುದು ನಿಜ, ಒಳಗಿನ ಕಂಬಿ ತುಕ್ಕು ಹಿಡಿಯುವುದೂ ಅಷ್ಟೇ ನಿಜ. ಕಂಬಿ ಇರುವ ಕಾಂಕ್ರೀಟಿನ ಒಂದು ಘನ ಮೀಟರಿನಲ್ಲಿ ಎಲ್ಲ ಮೂಲದ ಕ್ಲೋರೈಡ್ ಸೇರಿ 0.6 ಕೆಜಿ ಮೀರಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಹೇಳುತ್ತದೆ. ನಮ್ಮ ಬೋರ್‌ವೆಲ್ ನೀರು, ಮರಳು ಸೇರಿಯೇ ಒಂದಷ್ಟು ಆಗಿರುತ್ತದೆ. ಹಾಲಿನ ಚೀಸ್ ಮಾಡುವವರು 100 ಲೀಟರಿಗೆ 20 ಗ್ರಾಂ ಮೀರದಂತೆ ಇದನ್ನೇ ಹಾಕುತ್ತಾರೆ, ಆದರೆ ಅದು ಐಎನ್‌ಎಸ್ 509 (ಆಹಾರಕ್ಕೆ ಸೇರಿಸುವ ಪದಾರ್ಥಗಳ ಸಂಖ್ಯೆ) ಎಂದು ಬರೆದ ಆಹಾರ ದರ್ಜೆಯ ಮಾಲು. ಗೊಬ್ಬರದಂಗಡಿಯ ಪಾಕೆಟ್ ಅಡುಗೆಮನೆಗೆ ಬರಬಾರದು.

ಅಂಗಡಿಯವರಲ್ಲಿ ನಮ್ಮ ಬೇಡಿಕೆ ಹೆಚ್ಚಿನದೇನಲ್ಲ. 25 ಕೆಜಿ ಚೀಲ ಒಡೆದು ಒಂದೊಂದು ಕೆಜಿ ಕಟ್ಟುವಾಗ ಪಾಕೆಟ್ಟಿನ ಮೇಲೆ ನಾಲ್ಕು ಮಾತು ಕನ್ನಡದಲ್ಲಿ ಬರೆಯಲಿ: ಪೂರ್ತಿ ಹೆಸರು, ಬಿಲ್ಲೆಯೋ ಗುಂಡೋ, ಶೇಕಡಾ ಎಷ್ಟು, ಕಟ್ಟಿದ ದಿನ. ತೆಳು ಕವರಿನಲ್ಲಿ ಗಂಟು ಹಾಕಿ ಕೊಡದೆ ಮುಚ್ಚಳದ ಡಬ್ಬಿಯಲ್ಲಿ ಕೊಡಲಿ. ತಮ್ಮ ಪತ್ರಿಕೆಯ ಕೃಷಿ ಪುಟದಲ್ಲೂ 'ಶೇ 0.5ರ ದ್ರಾವಣ' ಎಂದು ಬರೆಯುವ ಬದಲು ಯಾವ ರೂಪದ ಉಪ್ಪು, ಡ್ರಮ್ಮಿಗೆ ಎಷ್ಟು ಗ್ರಾಂ ಎಂದು ಬಿಡಿಸಿ ಬರೆದರೆ ಉಪಕಾರ. ಹೊಲದ ನೀರಿನ ಕ್ಲೋರೈಡ್ ತಿಳಿಯಬೇಕೆನ್ನುವವರು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೋ, ಚಿಂತಾಮಣಿ ಕಡೆಯವರು ಕುರುಬೂರಿನ ಕೇಂದ್ರವನ್ನೋ ವಿಚಾರಿಸಬಹುದು. ಬೋರ್‌ವೆಲ್ ಹತ್ತು ನಿಮಿಷ ಓಡಿದ ಮೇಲೆ ಹಿಡಿದ ಒಂದು ಲೀಟರ್ ನೀರು, ಅದೇ ನೀರಿನಲ್ಲಿ ಮೂರು ಸಲ ತೊಳೆದ ಬಾಟಲಿಯಲ್ಲಿ ಇರಲಿ.

ಮನೆಯಲ್ಲಿ ಈಗಾಗಲೇ ಅರ್ಧ ಉಳಿದು ಪಾಕವಾದ ಉಪ್ಪು ಇರುವವರು ಅದನ್ನು ಬಿಸಾಡಬೇಕಿಲ್ಲ. ತೂಗಿ ಹಾಕಬೇಡಿ ಅಷ್ಟೇ, ಅದರಲ್ಲಿ ಗಾಳಿಯ ನೀರೆಷ್ಟು ಸೇರಿದೆಯೋ ತಕ್ಕಡಿಗೆ ಗೊತ್ತಿಲ್ಲ. ಡಬ್ಬಿಯಿಂದ ಒಂದು ಹನಿಯೂ ಸೋರಿಲ್ಲವಾದರೆ ಒಳಗಿನ ಉಪ್ಪು ಹಾಕಿದ್ದಷ್ಟೇ ಇರುತ್ತದೆ. 1 ಕೆಜಿ ಬಿಲ್ಲೆ ತಂದು 200 ಗ್ರಾಂ ಬಳಸಿದ್ದರೆ ಉಳಿದದ್ದು 800 ಗ್ರಾಮೇ, ಗಟ್ಟಿಯಾಗಿರಲಿ ಪಾಕವಾಗಿರಲಿ. ಪೂರ್ತಿ ತೊಳೆದು ಅಳತೆ ಗುರುತಿರುವ ಕ್ಯಾನಿಗೆ ಹಾಕಿ 8 ಲೀಟರಿಗೆ ತುಂಬಿಸಿ. ಆಗ ಅದರ ಒಂದು ಲೀಟರಿನಲ್ಲಿ 100 ಗ್ರಾಂ ಬಿಲ್ಲೆ ಇದೆ ಎಂದಾಯಿತು, 15 ಲೀಟರಿನ ಪಂಪಿಗೆ 600 ಮಿಲಿಲೀಟರ್ ಅಳೆದು ಹಾಕಿದರೆ ಸರಿ. ಸೋರಿಹೋಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅಂಥದ್ದನ್ನು ಗಿಡಕ್ಕೆ ಹೊಡೆಯದೆ, ಧೂಳೇಳುವ ಕಾಲುದಾರಿಗೆ, ಬಾವಿ, ಮರ, ತೋಟದಿಂದ ದೂರದಲ್ಲಿ, ನೀರು ಬೆರೆಸಿ ಚಿಮುಕಿಸಿ. ಒಂದಷ್ಟು ದಿನ ಧೂಳಾದರೂ ಅಡಗುತ್ತದೆ.

ಇಂತಿ ತಮ್ಮ ಓದುಗರು,
ಮಣ್ಣು–ನೀರು ಪರೀಕ್ಷೆಯ ಕೆಲಸದಲ್ಲಿರುವ ಇಬ್ಬರು,
ಕೋಲಾರ